ಹುಬ್ಬಳ್ಳಿ ಒತ್ತಿದಾಗ ಅಲುಗಾಡದ ನಾಲ್ಕನೇ ಚಾರ್ಟ್

ಇವತ್ತಿನದು ಇತಿಹಾಸದ ಕಂತು. ಆದರೆ ಇದರಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಆಫೀಸಿನ ರಿಪೋರ್ಟ್ ಇದೆ, ಚಾರ್ಟ್ ಇದೆ. ತಡೀರಿ, ಆಫ್ ಮಾಡಬೇಡಿ. ಒಬ್ಬ ಮನುಷ್ಯನ ಮೂರು ತಿಂಗಳ ಇನ್ಸೆಂಟಿವ್ ದುಡ್ಡು ಕೂಡ ಇದೆ.

ಕೆಲವು ವರ್ಷಗಳ ಹಿಂದೆ ನಾನು ಬೆಂಗಳೂರಿನಲ್ಲಿ ಒಂದು ಕಂಪನಿಯ ಹೆಡ್ ಆಫೀಸಿನಲ್ಲಿ ಡೇಟಾ ಕೆಲಸಕ್ಕಿದ್ದೆ. ಹೆಸರು ಬೇಡ. ರಾಜ್ಯದಲ್ಲಿ ಅವರದ್ದು ಹದಿನಾಲ್ಕು ಅಂಗಡಿ. ತಿಂಗಳಿಗೊಂದು ಮೀಟಿಂಗ್, ಪ್ರತಿ ಮೀಟಿಂಗ್‌ನಲ್ಲೂ ಒಂದೊಂದು ಅಂಗಡಿ ಹಿಡಿದು ಜಾಲಾಡೋದು ಅಲ್ಲಿನ ಪದ್ಧತಿ. ಆವತ್ತು ಹುಬ್ಬಳ್ಳಿ ಸರದಿ. ಗೋಡೆ ಮೇಲಿನ ದೊಡ್ಡ ಪರದೆಯಲ್ಲಿ ನಾನೇ ಮಾಡಿದ ಡ್ಯಾಶ್‌ಬೋರ್ಡ್. ನಾಲ್ಕು ಚಾರ್ಟ್: ಮಾರಾಟ, ಗಿರಾಕಿಗಳ ಸಂಖ್ಯೆ, ಯಾವ ಮಾಲು ಎಷ್ಟು ಹೋಯ್ತು ಅನ್ನೋದು, ಕೊನೆಯದು ವಾಪಸ್ ಬಂದ ಮಾಲು. ಸಾಹೇಬರು ಪಟ್ಟಿಯಲ್ಲಿ ಹುಬ್ಬಳ್ಳಿ ಒತ್ತಿದರು. ಮೂರು ಚಾರ್ಟ್ ಕುಗ್ಗಿ ಹುಬ್ಬಳ್ಳಿಯ ಅಳತೆಗೆ ಬಂದವು. ನಾಲ್ಕನೆಯದು ಇದ್ದ ಹಾಗೇ ಇತ್ತು. ಯಾರೂ ಗಮನಿಸಲಿಲ್ಲ. ಮೂರು ವಸ್ತು ಒಟ್ಟಿಗೆ ಅಲುಗಾಡಿದಾಗ ಅಲುಗಾಡದ ನಾಲ್ಕನೆಯದನ್ನ ಯಾರು ನೋಡ್ತಾರೆ ಹೇಳಿ?

ಪರದೆ ಹೇಳಿದ್ದಿಷ್ಟು: ಹುಬ್ಬಳ್ಳಿ ಅಂಗಡಿ ಮಾರಿದ ಮಾಲಿನಲ್ಲಿ ಕಾಲು ಭಾಗಕ್ಕೂ ಹೆಚ್ಚು ವಾಪಸ್ ಬಂದಿದೆ. ವಿಡಿಯೋ ಕಾಲ್‌ನಲ್ಲಿದ್ದ ಹುಬ್ಬಳ್ಳಿ ಮ್ಯಾನೇಜರ್ ಮುಖ ಸಣ್ಣದಾಯ್ತು. "ಅಲ್ರೀ ಸರ್, ಇಷ್ಟ್ ಮಾಲು ವಾಪಸ್ ಬಂದಿದ್ರ ಇಡಾಕ ಜಾಗಾ ಎಲ್ಲೈತ್ರೀ ನಮ್ಮ ಅಂಗಡ್ಯಾಗ?" ಅಂದರು. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ನಾನು. ನಾನು ಸುಮ್ಮನಿದ್ದೆ. ಚಾರ್ಟ್ ಹೇಳ್ತಿದೆಯಲ್ಲ ಅಂತ. ಅವರ ಇನ್ಸೆಂಟಿವ್ ತಡೆಹಿಡಿದರು.

ಅಲ್ಲೇನಾಗಿತ್ತು ಅಂತ ಆಮೇಲೆ ಹೇಳ್ತೀನಿ. ಅದಕ್ಕೂ ಮುಂಚೆ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆಯ ಚಾರ್ಟ್ ಬದಲಾಗುತ್ತೆ ಅನ್ನೋ ಈ ವಿಚಾರ ಎಲ್ಲಿಂದ ಬಂತು ಅಂತ ನೋಡೋಣ. ಯಾಕಂದ್ರೆ ಆ ನಾಲ್ಕನೇ ಚಾರ್ಟ್ ಯಾಕೆ ಸುಳ್ಳು ಹೇಳ್ತು ಅನ್ನೋದಕ್ಕೆ ಉತ್ತರ ಈ ಇತಿಹಾಸದಲ್ಲೇ ಇದೆ.

ಕಥೆ ಶುರುವಾಗೋದು ಅಮೆರಿಕದಲ್ಲಿ, ಕಂಪ್ಯೂಟರ್‌ಗಿಂತ ಬಹಳ ಮುಂಚೆ. 1880ರ ಜನಗಣತಿಯ ಲೆಕ್ಕಪತ್ರ ಕೈಯಲ್ಲಿ ಮಾಡಿ ಮುಗಿಸೋಕೆ ಅಲ್ಲಿನ ಸರ್ಕಾರಕ್ಕೆ ಏಳೆಂಟು ವರ್ಷ ಹಿಡಿದಿತ್ತು. ಮುಂದಿನ ಗಣತಿ ಬಾಗಿಲಿಗೆ ಬಂದು ನಿಂತಿತ್ತು. ಆಗ ಹರ್ಮನ್ ಹಾಲರಿತ್ ಅನ್ನೋ ಎಂಜಿನಿಯರ್ ಒಂದು ಯಂತ್ರ ಕೊಟ್ಟ. 1890ರ ಗಣತಿಯಲ್ಲಿ ಅದನ್ನ ಬಳಸಿದರು. ಒಬ್ಬ ಮನುಷ್ಯನಿಗೆ ಒಂದು ರಟ್ಟಿನ ಕಾರ್ಡು. ಗಂಡೋ ಹೆಣ್ಣೋ, ವಯಸ್ಸೆಷ್ಟು, ಮದುವೆ ಆಗಿದೆಯೋ ಇಲ್ಲವೋ, ಪ್ರತಿಯೊಂದಕ್ಕೂ ಕಾರ್ಡಿನ ಮೇಲೆ ಒಂದು ಗೊತ್ತಾದ ಜಾಗ, ಅಲ್ಲಿ ಒಂದು ತೂತು. ಕಾರ್ಡನ್ನ ಯಂತ್ರದಲ್ಲಿಟ್ಟು ಹಿಡಿ ಒತ್ತಿದರೆ ಮೇಲಿಂದ ಸೂಜಿಗಳು ಇಳಿಯುತ್ತವೆ. ತೂತು ಇರೋ ಕಡೆ ಸೂಜಿ ದಾಟಿ ಕೆಳಗಿನ ಪಾದರಸದ ಬಟ್ಟಲಿಗೆ ತಾಗುತ್ತೆ, ವಿದ್ಯುತ್ ಹರಿಯುತ್ತೆ, ಎದುರಿಗಿನ ಗಡಿಯಾರದಂಥ ಮುಖದ ಮೇಲೆ ಮುಳ್ಳು ಒಂದು ಮನೆ ಮುಂದಕ್ಕೆ ಹೋಗುತ್ತೆ. ಆ ಸಲ ದೇಶದ ಜನಸಂಖ್ಯೆ 6 ಕೋಟಿ 26 ಲಕ್ಷ ಅಂತ ಕೆಲವೇ ತಿಂಗಳಲ್ಲಿ ಹೇಳೋಕಾಯ್ತು.

ಇದರಲ್ಲಿ ನಮಗೆ ಬೇಕಾದ ಸಂಗತಿ ಬೇರೆ. ಯಂತ್ರದ ಹಿಂದಿನ ವೈರುಗಳನ್ನ ಬೇಕಾದ ಹಾಗೆ ಜೋಡಿಸಿದರೆ, ಹೆಣ್ಣು ಮತ್ತು ವಿವಾಹಿತೆ, ಎರಡೂ ತೂತು ಇದ್ದರೆ ಮಾತ್ರ ಮುಳ್ಳು ಓಡೋ ಹಾಗೆ ಮಾಡಬಹುದಿತ್ತು. ಅಂದ್ರೆ ಫಿಲ್ಟರ್! ಇವತ್ತು ನಾವು ಬೆರಳಲ್ಲಿ ಮಾಡೋದನ್ನ ಆಗ ವೈರಲ್ಲಿ ಮಾಡ್ತಿದ್ದರು. ಪ್ರಶ್ನೆ ಬದಲಾದರೆ ವೈರು ಬದಲಾಯಿಸಿ, ಕಾರ್ಡಿನ ಅಷ್ಟೂ ಕಟ್ಟನ್ನ ಮತ್ತೆ ಓಡಿಸಬೇಕು. ಇನ್ನೊಂದು ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ: ಒಬ್ಬ ಮನುಷ್ಯನ ಲಿಂಗ, ವಯಸ್ಸು, ಮದುವೆ, ಎಲ್ಲವೂ ಒಂದೇ ಕಾರ್ಡಿನ ಮೇಲಿದ್ದವು. ಹಾಗಾಗಿ ಒಂದಕ್ಕೊಂದು ತಪ್ಪಿಹೋಗೋ ಪ್ರಶ್ನೆಯೇ ಇರಲಿಲ್ಲ. ಹಾಲರಿತ್‌ನ ಕಂಪನಿ ಮುಂದೆ ಬೇರೆ ಕಂಪನಿಗಳ ಜೊತೆ ಸೇರಿ, 1924ರಲ್ಲಿ ಐಬಿಎಂ ಅಂತ ಹೆಸರು ಬದಲಾಯಿಸಿಕೊಂಡಿತು. ಅದು ಇನ್ನೊಂದು ಕಂತಿಗೆ.

ಚಾರ್ಟ್‌ಗಳು ಅಷ್ಟು ಹೊತ್ತಿಗಾಗಲೇ ಇದ್ದವು. ವಿಲಿಯಂ ಪ್ಲೇಫೇರ್ 1786ರಲ್ಲೇ ಇಂಗ್ಲೆಂಡಿನ ವ್ಯಾಪಾರದ ಲೆಕ್ಕವನ್ನ ಗೆರೆಗಳಲ್ಲಿ ಬರೆದು ಪುಸ್ತಕ ಮಾಡಿದ್ದ. ಆದರೆ ಕಾಗದದ ಚಾರ್ಟ್ ಅಂದ್ರೆ ಗೋಡೆಗೆ ಹೊಡೆದ ಫೋಟೋ ಇದ್ದ ಹಾಗೆ. ಈ ಪುಟದ ಚಾರ್ಟಿಗೂ ಆ ಪುಟದ ಚಾರ್ಟಿಗೂ ನಂಟು ಕಟ್ಟಬೇಕಾದ್ದು ಓದುವವರ ತಲೆಯೇ.

ಆ ನಂಟನ್ನ ಯಂತ್ರಕ್ಕೆ ಒಪ್ಪಿಸೋ ಪ್ರಯತ್ನ ಶುರುವಾಗಿದ್ದು 1970ರ ದಶಕದಲ್ಲಿ, ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಬಳಿಯ ಕಣವಿಜ್ಞಾನದ ಪ್ರಯೋಗಾಲಯದಲ್ಲಿ. ಅಲ್ಲಿಗೆ ಜಾನ್ ಟ್ಯೂಕಿ ಅನ್ನೋ ಸಂಖ್ಯಾಶಾಸ್ತ್ರಜ್ಞ ಬಂದಿದ್ದರು. ನಿಮ್ಮ ಫೋನಿನ ಡೇಟಾ ಲೆಕ್ಕದಲ್ಲಿ ಬರೋ 'ಬಿಟ್' ಅನ್ನೋ ಪದ ಇದೆಯಲ್ಲ, ಅದನ್ನ ಕೊಟ್ಟವರು ಅವರೇ. ಟ್ಯೂಕಿ, ಜೆರೋಮ್ ಫ್ರೀಡ್‌ಮನ್, ಮೇರಿ ಆ್ಯನ್ ಫಿಶರ್‌ಕೆಲ್ಲರ್ ಸೇರಿ ಮಾಡಿದ ಪ್ರೋಗ್ರಾಂ ಹೆಸರು ಪ್ರಿಮ್-9. ಕಣಗಳು ಡಿಕ್ಕಿ ಹೊಡೆದಾಗ ಬರೋ ಅಳತೆಗಳು ಒಂದೆರಡಲ್ಲ. ಒಂಬತ್ತು ಅಳತೆಗಳವರೆಗೆ ತಗೊಂಡು, ಚುಕ್ಕಿಗಳ ಮೋಡವನ್ನ ಪರದೆ ಮೇಲೆ ತಿರುಗಿಸಿ ತಿರುಗಿಸಿ ನೋಡಬಹುದಿತ್ತು. ಅದರಲ್ಲಿ 'ಮಾಸ್ಕಿಂಗ್' ಅಂತ ಒಂದು ಸೌಲಭ್ಯ. ಒಂದು ಅಳತೆಗೆ ಇಂತಿಷ್ಟರಿಂದ ಇಂತಿಷ್ಟು ಅಂತ ಮಿತಿ ಹಾಕಿದರೆ, ಅದರೊಳಗೆ ಬೀಳೋ ಚುಕ್ಕಿಗಳಷ್ಟೇ ಉಳಿಯುತ್ತವೆ, ಉಳಿದವು ಮರೆಯಾಗುತ್ತವೆ. ಅದಕ್ಕೆ ಆ ಕಾಲದ ದೈತ್ಯ ಕಂಪ್ಯೂಟರ್ ಬೇಕಿತ್ತು. ಎಲ್ಲರೂ ಹೋಗಿ ನೋಡೋದು ಆಗದ ಮಾತು ಅಂತ ಅವರು ಅದರದ್ದೊಂದು ಸಿನಿಮಾ ರೀಲನ್ನೇ ಮಾಡಿದರು. ಆವತ್ತಿನ ಡೆಮೊ ವಿಡಿಯೋ ಅಂದ್ಕೊಳ್ಳಿ.

ಪ್ರಿಮ್-9ರಲ್ಲಿ ಒಂದೇ ಚಿತ್ರ. ಎರಡು ಮೂರು ಚಿತ್ರಗಳನ್ನ ಪಕ್ಕಪಕ್ಕ ಇಟ್ಟು ಒಂದಕ್ಕೊಂದು ಗಂಟು ಹಾಕೋ ಕೆಲಸವನ್ನ ಕ್ಯಾರೊಲ್ ನ್ಯೂಟನ್ 1978ರಲ್ಲಿ, ಜಾನ್ ಮೆಕ್‌ಡೊನಾಲ್ಡ್ 1982ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಮಾಡಿ ತೋರಿಸಿದರು. ಎಲ್ಲರ ಬಾಯಲ್ಲಿ ಉಳಿಯೋ ಹೆಸರು ಕೊಟ್ಟವರು ಮಾತ್ರ ಬೆಲ್ ಲ್ಯಾಬ್ಸ್‌ನ ರಿಚರ್ಡ್ ಬೆಕರ್ ಮತ್ತು ವಿಲಿಯಂ ಕ್ಲೀವ್‌ಲ್ಯಾಂಡ್. 1987ರಲ್ಲಿ ಬಂದ ಅವರ ಲೇಖನ ಓದಿದರೆ ಈಗಲೂ ಹೊಸದು ಅನ್ನಿಸುತ್ತೆ. ಮೌಸ್ ಹಿಡಿದು ಆಡಿಸೋ ಒಂದು ಆಯತ. ಅದಕ್ಕೆ 'ಬ್ರಷ್' ಅಂತ ಹೆಸರು.

ಹೀಗೆ ಯೋಚಿಸಿ. ಒಂದು ಕಾಲೇಜಿನ ವಿದ್ಯಾರ್ಥಿಗಳ ಪಟ್ಟಿ ನಿಮ್ಮ ಹತ್ತಿರ ಇದೆ. ಮೊದಲ ಚಾರ್ಟಲ್ಲಿ ಹಾಜರಾತಿ ಮತ್ತು ಅಂಕ. ಎರಡನೆಯದರಲ್ಲಿ ಊರಿನ ದೂರ ಮತ್ತು ಬಸ್ಸಿನಲ್ಲಿ ಕಳೆಯೋ ಹೊತ್ತು. ಮೊದಲ ಚಾರ್ಟಿನ ಕೆಳಮೂಲೆಯಲ್ಲಿ ಕಡಿಮೆ ಅಂಕದ ಹತ್ತು ಚುಕ್ಕಿ ಇವೆ. ಅವುಗಳ ಮೇಲೆ ಬ್ರಷ್ ಆಡಿಸಿದ ಕೂಡಲೇ ಎರಡನೇ ಚಾರ್ಟಲ್ಲೂ ಹತ್ತು ಚುಕ್ಕಿ ಬೆಳಗುತ್ತವೆ, ಅದೇ ಹತ್ತು ಮಕ್ಕಳು. ಅವರಲ್ಲಿ ಎಂಟು ಜನ ದೂರದ ಹಳ್ಳಿಯಿಂದ ಎರಡು ಬಸ್ ಬದಲಾಯಿಸಿ ಬರೋರು ಅಂತ ಆಗ ಕಾಣುತ್ತೆ. ಯಾವ ಸರಾಸರಿಯೂ ಇದನ್ನ ಹೇಳ್ತಿರಲಿಲ್ಲ. ಬೆಕರ್ ಮತ್ತು ಕ್ಲೀವ್‌ಲ್ಯಾಂಡ್ ಬ್ರಷ್‌ಗೆ ನಾಲ್ಕು ಕೆಲಸ ಕೊಟ್ಟಿದ್ದರು: ಬೆಳಗಿಸೋದು, ಬೇರೆ ಚಾರ್ಟ್‌ಗಳಲ್ಲಿ ಆಯ್ಕೆಯಾದವನ್ನಷ್ಟೇ ತೋರಿಸೋದು, ಅಳಿಸೋದು, ಹೆಸರು ತೋರಿಸೋದು. ಇವತ್ತು ನಾವು ದುಡ್ಡು ಕೊಟ್ಟು ಕೊಳ್ಳೋ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್‌ನಲ್ಲಿ ಇದಕ್ಕಿಂತ ಹೆಚ್ಚಿನದ್ದು ಏನಿದೆ ಅಂತ ನನಗೆ ಆಗಾಗ ಅನುಮಾನ ಬರುತ್ತೆ.

ಇದು ಹೇಗೆ ನಡೀತು? ಮ್ಯಾಜಿಕ್ ಏನಿಲ್ಲ. ಎರಡೂ ಚಾರ್ಟ್‌ಗಳ ಹಿಂದೆ ಇರೋದು ಒಂದೇ ಪಟ್ಟಿ. ಐದನೇ ಸಾಲಿನ ಹುಡುಗಿ ಎಲ್ಲಾ ಚಾರ್ಟಲ್ಲೂ ಐದನೇ ಸಾಲಿನ ಹುಡುಗಿಯೇ. ಹಾಲರಿತ್‌ನ ಕಾರ್ಡಿನ ಥರಾನೇ. ಚಾರ್ಟ್‌ಗಳು ಒಂದರ ಜೊತೆ ಒಂದು ಮಾತಾಡೋದೇ ಇಲ್ಲ, ಅವೆಲ್ಲ ಒಂದೇ ಕೋಣೆಗೆ ಇರೋ ಬೇರೆ ಬೇರೆ ಕಿಟಕಿಗಳು.

ಇದನ್ನ ಪ್ರಯೋಗಾಲಯದಿಂದ ಜನರ ಕೈಗೆ ತಂದವರಲ್ಲಿ ಬೆನ್ ಶ್ನೈಡರ್‌ಮನ್ ಮುಖ್ಯರು. ಮೇರಿಲ್ಯಾಂಡ್ ವಿಶ್ವವಿದ್ಯಾಲಯದವರು. 1992ರಲ್ಲಿ ಅವರು ಕ್ರಿಸ್ಟೋಫರ್ ವಿಲಿಯಮ್ಸನ್ ಜೊತೆ ಸೇರಿ ವಾಷಿಂಗ್ಟನ್ ಡಿಸಿಯ ಮಾರಾಟದ ಮನೆಗಳನ್ನ ನಕ್ಷೆ ಮೇಲೆ ಚುಕ್ಕಿಗಳಾಗಿ ಇಟ್ಟರು. ಪಕ್ಕದಲ್ಲಿ ಜಾರುಪಟ್ಟಿಗಳು, ಅದೇ ಸ್ಲೈಡರ್. ಬೆಲೆ ಎಷ್ಟರೊಳಗೆ, ಬೆಡ್‌ರೂಮ್ ಎಷ್ಟು, ಆಫೀಸಿಂದ ಎಷ್ಟು ದೂರ. ಪಟ್ಟಿ ಜಾರಿಸ್ತಾ ಹೋದ ಹಾಗೆ ಚುಕ್ಕಿಗಳು ಮಾಯವಾಗ್ತಾ, ಮತ್ತೆ ಮೂಡ್ತಾ ಇರುತ್ತವೆ. ಎರಡು ವರ್ಷ ಬಿಟ್ಟು ಕ್ರಿಸ್ಟೋಫರ್ ಆಲ್ಬರ್ಗ್ ಜೊತೆ ಸಿನಿಮಾಗಳಿಗೆ ಇದೇ ಥರದ್ದೊಂದು ಬಂತು. ಆಲ್ಬರ್ಗ್ 1996ರಲ್ಲಿ ಸ್ಪಾಟ್‌ಫೈರ್ ಅನ್ನೋ ಕಂಪನಿ ಕಟ್ಟಿ ಇದನ್ನ ಔಷಧ ಕಂಪನಿಗಳಿಗೆ, ಬಿಸಿನೆಸ್‌ಗಳಿಗೆ ಮಾರೋಕೆ ಹೊರಟರು. ಸೆಕೆಂಡ್ ಹ್ಯಾಂಡ್ ಬೈಕ್ ಹುಡುಕುವಾಗ ನೀವು ಬೆಲೆಯ ಪಟ್ಟಿಯನ್ನ ಹೆಬ್ಬೆರಳಲ್ಲಿ ಎಳೀತೀರಲ್ಲ, ಅದು ಅವರ ಮೊಮ್ಮಗು.

ಇಲ್ಲೀವರೆಗೆ ಎಲ್ಲ ಸಲೀಸು. ಗಲಾಟೆ ಶುರುವಾಗೋದು ಬಿಸಿನೆಸ್ಸಿಗೆ ಕಾಲಿಟ್ಟಾಗ. ಯಾಕಂದ್ರೆ ಯಾವ ಕಂಪನಿಯಲ್ಲೂ ಎಲ್ಲಾ ಲೆಕ್ಕ ಒಂದೇ ಪಟ್ಟಿಯಲ್ಲಿ ಇರಲ್ಲ. ಬಿಲ್ಲಿಂಗ್ ಒಂದು ಕಡೆ, ಗೋಡೌನ್ ಇನ್ನೊಂದು ಕಡೆ, ಸಂಬಳ ಮತ್ತೊಂದು ಕಡೆ. ಒಂದೇ ಕೋಣೆ ಅಲ್ಲ, ಬೇರೆ ಬೇರೆ ಮನೆ. ಕಿಟಕಿ ಪಕ್ಕಪಕ್ಕ ಇದ್ದ ಮಾತ್ರಕ್ಕೆ ಒಳಗೆ ದಾರಿ ಇರುತ್ತೆ ಅಂತೇನಿಲ್ಲ.

ದಾರಿ ಮಾಡೋದು ಹೇಗೆ ಅನ್ನೋದಕ್ಕೆ ಉತ್ತರ 1970ರಲ್ಲೇ ಬಂದಿತ್ತು. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಆ ವರ್ಷ ಬರೆದ ಒಂದು ಲೇಖನದಿಂದ ಇವತ್ತಿನ ಡೇಟಾಬೇಸ್‌ಗಳೆಲ್ಲ ಹುಟ್ಟಿವೆ ಅಂದ್ರೆ ಹೆಚ್ಚಾಗಲ್ಲ. ಮಾಹಿತಿಯನ್ನ ಬೇರೆ ಬೇರೆ ಕೋಷ್ಟಕಗಳಲ್ಲಿಡಿ, ಪ್ರತಿ ಸಾಲಿಗೂ ಬೇರೆ ಯಾರಿಗೂ ಇಲ್ಲದ ಒಂದು ಗುರುತು ಕೊಡಿ, ಅದು 'ಕೀ'. ಆ ಗುರುತನ್ನೇ ಇನ್ನೊಂದು ಕೋಷ್ಟಕದಲ್ಲೂ ಬರೆದಿಟ್ಟರೆ ಎರಡೂ ಸೇರುತ್ತವೆ. ಕೀ ಅಂದ್ರೆ ಬೀಗದಕೈ ಅಂತಲೇ ತಗೊಳ್ಳಿ. ಹಲ್ಲು ಒಂದು ಕೂದಲೆಳೆ ಆಚೀಚೆ ಆದರೂ ಬೀಗ ತೆಗೆಯಲ್ಲ.

ಸ್ವೀಡನ್ನಿನ ಲುಂಡ್ ಊರಲ್ಲಿ 1993ರಲ್ಲಿ ಶುರುವಾದ ಕ್ಲಿಕ್‌ಟೆಕ್ ಕಂಪನಿ ಈ ಎರಡು ವಿಚಾರವನ್ನೂ ಕೂಡಿಸಿತು. ಅವರ ಕ್ಲಿಕ್‌ವ್ಯೂನಲ್ಲಿ ನೀವು ಒಂದು ಊರು ಒತ್ತಿದರೆ ಆ ಊರು ಹಸಿರಾಗುತ್ತೆ. ಅದಕ್ಕೆ ನಂಟಿರೋ ಗಿರಾಕಿ, ಮಾಲು ಎಲ್ಲ ಬಿಳಿಯಾಗೇ ಉಳಿಯುತ್ತವೆ. ನಂಟಿಲ್ಲದ್ದು ಬೂದು ಬಣ್ಣಕ್ಕೆ ತಿರುಗುತ್ತೆ. ಈ ಇಡೀ ಇತಿಹಾಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಆ ಬೂದು. ಎಷ್ಟೋ ಸಾಫ್ಟ್‌ವೇರ್‌ಗಳು ನಂಟಿಲ್ಲದ್ದನ್ನ ಕಣ್ಣಿಂದಲೇ ತೆಗೆದುಬಿಡ್ತವೆ. ಇದು ಮಾತ್ರ, ನೋಡಪ್ಪ, ಈ ಊರಲ್ಲಿ ಈ ಮಾಲು ಒಂದೂ ಹೋಗಿಲ್ಲ ಅಂತ ಮುಂದಿಡುತ್ತೆ. ಇಲ್ಲದ್ದು ಕೂಡ ಸುದ್ದಿಯೇ ಅಲ್ವಾ. ಆದರೆ ಅದರಲ್ಲೂ ಒಂದು ಮುಳ್ಳಿತ್ತು. ಎರಡು ಕೋಷ್ಟಕದಲ್ಲಿ ಕಾಲಂ ಹೆಸರು ಒಂದೇ ಆಗಿದ್ದರೆ ಅದು ತಾನಾಗಿ ಗಂಟು ಹಾಕ್ತಿತ್ತು. ಗಿರಾಕಿಗಳ ಪಟ್ಟಿಯಲ್ಲೂ 'ಹೆಸರು' ಅಂತಿದೆ, ಮಾಲಿನ ಪಟ್ಟಿಯಲ್ಲೂ 'ಹೆಸರು' ಅಂತಿದೆ ಅಂದ್ರೆ ಕಥೆ ಮುಗೀತು.

ಆಮೇಲಿನದ್ದು ಬೇಗ ಹೇಳಿ ಮುಗಿಸ್ತೀನಿ. ಸ್ಟ್ಯಾನ್‌ಫರ್ಡ್‌ನ ಪೊಲಾರಿಸ್ ಅನ್ನೋ ಸಂಶೋಧನೆಯಿಂದ 2003ರಲ್ಲಿ ಟ್ಯಾಬ್ಲೋ ಕಂಪನಿ ಬಂತು. 2010ರ ಎಕ್ಸೆಲ್‌ನಲ್ಲಿ ಸ್ಲೈಸರ್ ಬಂತು, ಒಂದೇ ಸ್ಲೈಸರ್‌ಗೆ ಹಲವು ಪಿವಟ್ ಟೇಬಲ್ ಕಟ್ಟಬಹುದು, ಆದರೆ ಅವು ಒಂದೇ ಮೂಲದಿಂದ ಬಂದಿರಬೇಕು. 2012ರಲ್ಲಿ ಕ್ರಾಸ್‌ಫಿಲ್ಟರ್ ಅನ್ನೋ ಉಚಿತ ಕೋಡ್ ಬಂದು, ಹತ್ತು ಲಕ್ಷ ಸಾಲುಗಳನ್ನೂ ಬ್ರೌಸರ್‌ನಲ್ಲೇ ಕಣ್ಣು ಮಿಟುಕಿಸೋದರೊಳಗೆ ಸೋಸೋದು ಸಾಧ್ಯವಾಯ್ತು. 2015ರಲ್ಲಿ ಪವರ್ ಬಿಐ ಎಲ್ಲರಿಗೂ ಸಿಕ್ಕಿತು. ಅದರಲ್ಲಿ ಒಂದು ಕಂಬ ಒತ್ತಿದರೆ ಪುಟದ ಬೇರೆ ಚಾರ್ಟ್‌ಗಳು ತಾವಾಗೇ ಬದಲಾಗುತ್ತವೆ. ಬೇಡ ಅಂದ್ರೆ, ಈ ಚಾರ್ಟಿಗೆ ಆ ಫಿಲ್ಟರ್ ತಾಗದಿರಲಿ ಅಂತ ಬಿಡಿಸಿಡೋಕೂ ಒಂದು ಗುಂಡಿ ಇದೆ.

ಆ ಗುಂಡಿಯ ಥರದ್ದೇ ಒಂದು ಗುಂಡಿಯಲ್ಲಿ ನಾನು ಸಿಕ್ಕಿಬಿದ್ದದ್ದು.

2014ರ ನವೆಂಬರ್ 1ಕ್ಕೆ ನಮ್ಮ ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಹೆಸರು ಅಧಿಕೃತವಾಗಿ ಬದಲಾಯ್ತಲ್ಲ. ಬ್ಯಾಂಗಲೋರ್ ಬೆಂಗಳೂರಾಯ್ತು, ಶಿಮೋಗ ಶಿವಮೊಗ್ಗ ಆಯ್ತು, ಗುಲ್ಬರ್ಗ ಕಲಬುರಗಿ, ಹುಬ್ಲಿ ಹುಬ್ಬಳ್ಳಿ. ಕನ್ನಡದಲ್ಲಿ ಮಾತಾಡೋರಿಗೆ ಹೆಚ್ಚೇನೂ ಬದಲಾಗಲಿಲ್ಲ, ಬಹುಪಾಲು ಊರುಗಳನ್ನ ನಾವು ಮುಂಚಿಂದಲೂ ಹಾಗೇ ಕರೀತಿದ್ದದ್ದು. ಆದರೆ ಕಂಪ್ಯೂಟರ್‌ಗೆ ಹುಬ್ಲಿ ಒಂದು ಊರು, ಹುಬ್ಬಳ್ಳಿ ಇನ್ನೊಂದು ಊರು. ನಮ್ಮ ಕಂಪನಿಯ ಬಿಲ್ಲಿಂಗ್ ಸಾಫ್ಟ್‌ವೇರ್ ಅದಕ್ಕಿಂತ ಹಳೇದು, ಅದರಲ್ಲಿ ಹಳೇ ಸ್ಪೆಲ್ಲಿಂಗ್. ವಾಪಸ್ ಮಾಲಿನ ಲೆಕ್ಕವನ್ನ ಗೋಡೌನಿನ ಹುಡುಗರು ಆಮೇಲೆ ಶುರು ಮಾಡಿದ ಎಕ್ಸೆಲ್ ಶೀಟಲ್ಲಿ ಬರೀತಿದ್ದರು, ಅದರಲ್ಲಿ ಹೊಸ ಸ್ಪೆಲ್ಲಿಂಗ್. ಎರಡನ್ನೂ ಊರಿನ ಹೆಸರಲ್ಲಿ ಜೋಡಿಸಿದವನು ನಾನು.

ಜೋಡಿಸಿ, ಮೀಟಿಂಗಿನ ಹಿಂದಿನ ರಾತ್ರಿ ಪರೀಕ್ಷೆ ಮಾಡಿದಾಗ ಹುಬ್ಬಳ್ಳಿ ಒತ್ತಿದರೆ ನಾಲ್ಕನೇ ಚಾರ್ಟ್ ಪೂರ್ತಿ ಖಾಲಿ. ಆ ಖಾಲಿ ಚಾರ್ಟ್ ನನಗೆ ನಿಜವನ್ನೇ ಹೇಳ್ತಿತ್ತು: ಈ ಹೆಸರಿನ ಊರು ನನ್ನ ಹತ್ತಿರ ಇಲ್ಲ ಅಂತ. ನನಗೆ ಕಂಡಿದ್ದು ಬರೀ ನಾಳೆಯ ಮೀಟಿಂಗಲ್ಲಿ ಖಾಲಿ ಡಬ್ಬ ತೋರಿಸೋ ನಾಚಿಕೆ. ಏನೇನೋ ಒತ್ತಿ ನೋಡಿದೆ. ಫಿಲ್ಟರ್‌ನಿಂದ ಆ ಚಾರ್ಟನ್ನ ಬಿಡಿಸಿದ ಕೂಡಲೇ ಕಂಬಗಳು ಎದ್ದು ನಿಂತವು. ಸರಿಯಾಯ್ತು ಅಂದ್ಕೊಂಡು ಮನೆಗೆ ಹೋದೆ. ಎದ್ದು ನಿಂತದ್ದು ಹದಿನಾಲ್ಕೂ ಅಂಗಡಿಗಳ ವಾಪಸ್ ಮಾಲು. ಅಷ್ಟನ್ನೂ ಒಂದು ಹುಬ್ಬಳ್ಳಿಯ ಮಾರಾಟದ ಪಕ್ಕ ನಿಲ್ಲಿಸಿದ್ದೆ.

ಈ ಗಂಟಿನ ಬೆಲೆ ಏನು ಅಂತ ನಮ್ಮ ಹಳ್ಳಿಗಳಿಗೂ ಗೊತ್ತು, ಚಾರ್ಟ್ ಇಲ್ಲದೇನೇ ಗೊತ್ತು. ನಿಮ್ಮಲ್ಲಿ ರೈತರ ಮಕ್ಕಳು ಇದ್ದರೆ 'ಫ್ರೂಟ್ಸ್' ಅನ್ನೋ ಹೆಸರು ಕೇಳಿರ್ತೀರಿ. ಪ್ರತಿ ರೈತರಿಗೂ ಒಂದು ಎಫ್‌ಐಡಿ ನಂಬರ್, ಅದಕ್ಕೆ ಅವರ ಸರ್ವೆ ನಂಬರ್‌ಗಳನ್ನ ಸೇರಿಸಬೇಕು. ಅಪ್ಪ ಪಹಣಿ, ಆಧಾರ್ ಹಿಡ್ಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಯಾಕೆ ಹೋಗಿದ್ದರು ಅಂದ್ರೆ, ಜಮೀನಿನ ಕೋಷ್ಟಕಕ್ಕೂ ಮನುಷ್ಯರ ಕೋಷ್ಟಕಕ್ಕೂ ಕೀ ಹಾಕಿಸೋಕೆ. ಆ ನಂಟು ಇಲ್ಲದಿದ್ದರೆ ಬೆಳೆ ಪರಿಹಾರದ ಹೊತ್ತಿಗೆ ಪರದಾಟ. ಊರುಗಳ ಸ್ಪೆಲ್ಲಿಂಗ್ ಗೋಳಿಗೂ ಸರ್ಕಾರದಲ್ಲಿ ಮದ್ದಿದೆ. ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನ್‌ಮೆಂಟ್ ಡೈರೆಕ್ಟರಿಯಲ್ಲಿ ಜಿಲ್ಲೆಗೆ, ತಾಲ್ಲೂಕಿಗೆ, ಹಳ್ಳಿಗೆ ಒಂದೊಂದು ಕೋಡ್ ಸಂಖ್ಯೆ. ಹೆಸರನ್ನ ಯಾರು ಹೇಗೇ ಬರೀಲಿ, ಸಂಖ್ಯೆ ಅದೇ.

ನನ್ನ ತಪ್ಪು ನನಗೆ ಗೊತ್ತಾಗಿದ್ದು ಮೂರು ತಿಂಗಳಾದ ಮೇಲೆ. ನಡುವಿನ ಎರಡು ಮೀಟಿಂಗಲ್ಲಿ ವಾಪಸ್ ಮಾಲಿನ ಮಾತೇ ಬರಲಿಲ್ಲ. ಶಿವಮೊಗ್ಗದ ಸರದಿ ಬಂದಾಗ ಹಿಂದಿನ ದಿನ ಒತ್ತಿ ನೋಡ್ತಿದ್ದೆ. ನಾಲ್ಕನೇ ಚಾರ್ಟ್, ಹುಬ್ಬಳ್ಳಿಗೆ ಎಷ್ಟು ಎತ್ತರ ಇತ್ತೋ ಅಷ್ಟೇ ಎತ್ತರ. ಮೈಸೂರು ಒತ್ತಿದೆ, ಅಷ್ಟೇ. ಬಳ್ಳಾರಿ, ಅಷ್ಟೇ. ಕೈ ತಣ್ಣಗಾಯ್ತು. ಆವತ್ತೇ ಕೂತು ಮೂರು ಕಾಲಂನ ಸಣ್ಣ ಕೋಷ್ಟಕ ಮಾಡಿದೆ: ಅಂಗಡಿಯ ಕೋಡ್, ಹಳೇ ಹೆಸರು, ಹೊಸ ಹೆಸರು. ಎರಡೂ ಲೆಕ್ಕವನ್ನ ಅದರ ಮೂಲಕ ಕೋಡ್‌ಗೆ ಕಟ್ಟಿ, ಫಿಲ್ಟರ್ ವಾಪಸ್ ಹಾಕಿದೆ. ಹುಬ್ಬಳ್ಳಿಯ ಕಂಬ ಎಷ್ಟು ಗಿಡ್ಡ ಆಯ್ತು ಅಂದ್ರೆ, ನೂರಕ್ಕೆ ಎರಡೂ ಇಲ್ಲ.

ಸಾಹೇಬರ ಹತ್ತಿರ ಹೋಗಿ ಹೇಳೋಕೆ ಎರಡು ದಿನ ತಗೊಂಡೆ. ಬೈದರು. ತಡೆಹಿಡಿದ ಹಣ ಮುಂದಿನ ಸಂಬಳದ ಜೊತೆ ಬಿಡುಗಡೆಯಾಯ್ತು. ಹುಬ್ಬಳ್ಳಿಗೆ ನಾನೇ ಫೋನ್ ಮಾಡಿ, ಆವತ್ತು ನೀವು ಕೇಳಿದ್ದು ಸರಿ ಇತ್ತು ಸರ್, ತಪ್ಪು ನಂದು ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹಂಗಾರ ಒಂದ್ ಸಲ ಗೋಡೌನಿಗೆ ಬಂದು ನೋಡ್ಕೊಂಡ್ ಹೋಗ್ರೆಲ್ಲ, ಹತ್ತು ಹೆಜ್ಜಿ ಉದ್ದ ಐತಿ ಅಷ್ಟ" ಅಂದರು. ಹೋಗಿದ್ದೆ. ಹತ್ತಲ್ಲ, ಒಂಬತ್ತು.